ಗ್ರಂಥಾಲಯದ ಮೇಜಿನಿಂದ ಊರಿನ ಗೋಡೆಗೆ

(ಗ್ರಂಥಾಲಯ ಸಪ್ತಾಹದ ಸಂದರ್ಭದಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಮುಂದೆ ಮಾಡಿದ ಭಾಷಣದ ಬರಹರೂಪ)



ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ನಡೆಯುವ ಈ ಸಪ್ತಾಹದಲ್ಲಿ ಗ್ರಂಥಾಲಯದ ಮೇಜಿನ ಮೇಲೆ ಪುಸ್ತಕಗಳನ್ನು ಹರಡಿಡುತ್ತಾರೆ. ವರ್ಷವಿಡೀ ಕಪಾಟಿನಲ್ಲಿ ಬೆನ್ನು ತೋರಿಸುತ್ತಿದ್ದ ಪುಸ್ತಕ ಆಗ ಮುಖ ತೋರಿಸುತ್ತದೆ. ಚಿತ್ರ ಬರೆಯುವ ಮಕ್ಕಳು ಮೊದಲು ಬಂದು ನಿಲ್ಲುವುದು ಆ ಮೇಜಿನ ಬಳಿಯೇ. ಅವರನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ (1834-1896) ಎಂಬ ಕಲಾವಿದನಿದ್ದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಗ್ರಂಥಭಂಡಾರದಲ್ಲಿ ಹಳೆಯ ಸಚಿತ್ರ ಹಸ್ತಪ್ರತಿಯೊಂದಿತ್ತು. ಅದರ ಒಂದು ಚಿತ್ರದಲ್ಲಿ ಅರಮನೆಯ ನರ್ತನ. ನರ್ತಕರ ಹಿಂದೆ ಹೂಗಿಡಗಳಿರುವ ತೂಗುಬಟ್ಟೆ. ನೋಡುವವರ ಕಣ್ಣು ನರ್ತಕರ ಮೇಲೆ, ಮಾರಿಸನ ಕಣ್ಣು ಬಟ್ಟೆಯ ಮೇಲೆ. 1864ರ ‘ಡೇಸಿ’ ಎಂಬ ಗೋಡೆಕಾಗದದ ವಿನ್ಯಾಸ ಹುಟ್ಟಿದ್ದು ಆ ಬಟ್ಟೆಯಿಂದ. ಇದೇ ಮನುಷ್ಯ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘ ಕಟ್ಟಿದ. ವಿನ್ಯಾಸಕ್ಕಿಂತ ನನಗೆ ಮುಖ್ಯವೆನಿಸುವುದು ಇದು.

ಈಗ ನಮ್ಮ ಕಾರವಾರ, ಅಂಕೋಲೆಗೆ ಬರೋಣ. ಇಲ್ಲಿಯ ಹಳೆಯ ದೇವಸ್ಥಾನಗಳ ಗೋಡೆಗಳ ಮೇಲಿರುವ ಕೆಂಪು-ಬಿಳಿಯ ಕಾವಿ ಚಿತ್ರಗಳನ್ನು ನೀವು ಕಂಡಿರಬಹುದು; ಕಂಡೂ ನೋಡದೆ ಇರಬಹುದು. ಹೊನ್ನಾವರದ ಕೃಷ್ಣಾನಂದ ಕಾಮತರು (1934-2002) ವಿಜ್ಞಾನಿ, ಲೇಖಕ, ಛಾಯಾಗ್ರಾಹಕ. ಅವರು ಊರೂರು ಅಲೆದು ಈ ಕಲೆಯನ್ನು ದಾಖಲಿಸಿದರು. ಅಂಥ ಚಿತ್ರವಿರುವ ಪುಟ ಮೇಜಿನ ಮೇಲೆ ತೆರೆದಿದ್ದರೆ ಮಕ್ಕಳು ಕೂಡಲೇ ಕೆಂಪು ಬಣ್ಣದ ಡಬ್ಬಿ ತೆರೆದು ಕುಂಚ ಅದ್ದುತ್ತಾರೆ. ತಪ್ಪೇನಿಲ್ಲ. ಆದರೆ ಕಾವಿ ಕುಂಚದ ಕಲೆಯಲ್ಲ. ಅದು ಬಣ್ಣ ಕೆರೆದು ತೆಗೆಯುವ ಕಲೆ.

ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಹೊಳೆಯ ತೊಳೆದ ಮರಳು, ಬೆಲ್ಲ ಸೇರಿಸಿ ಸುಮಾರು ಎರಡು ವಾರ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಚೆನ್ನಾಗಿ ಕುಟ್ಟಿ ಗೋಡೆಗೆ ಗಾರೆ ಮಾಡುತ್ತಿದ್ದರು. ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ಗಾರೆಯ ಇನ್ನೊಂದು ಪದರ. ಅದು ಒಣಗುವ ಮೊದಲೇ ಕೈವಾರ, ಮೊನಚು ಉಳಿಗಳಿಂದ ಗೀರಿ ಬೇಡದ ಕೆಂಪನ್ನು ಕೆರೆದರೆ ಕೆಳಗಿನ ಬಿಳುಪು ಚಿತ್ರವಾಗಿ ಎದ್ದು ಬರುತ್ತಿತ್ತು. ಕರಾವಳಿಯ ಮಳೆಗೂ ಜಗ್ಗದ ಚಿತ್ರ! ಅಳಿವೆಯ ಚಿಪ್ಪು, ಹೊಳೆಯ ಮರಳು, ಗುಡ್ಡದ ಮಣ್ಣು – ಇವು ಮೂರೂ ಇಂದು ಯಾವ ಸ್ಥಿತಿಯಲ್ಲಿವೆಯೆಂಬುದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾದುದಲ್ಲ.

ಇದು ಕೆಳಗಿನವರ ಸಂಗತಿ ಎಂದು ಘಟ್ಟದ ಮೇಲಿನವರು ಸುಮ್ಮನಿರುವಂತಿಲ್ಲ. ನಿಮ್ಮಲ್ಲಿ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಬರೆಯುವ ಹಸೆ ಚಿತ್ತಾರಕ್ಕೂ ಮಣ್ಣಿನ ಗೋಡೆಯೇ ಆಧಾರ.

ಜೀರ್ಣೋದ್ಧಾರದ ಹೆಸರಿನಲ್ಲಿ ಕಾವಿಯ ಗೋಡೆಯನ್ನು ಕೆಡವುವವರು ಹೊರಗಿನವರಲ್ಲ, ಭಕ್ತಿಯುಳ್ಳ ನಾವೇ. ಟೈಲ್ಸ್ ಕೂರಿಸಿ, ಎಣ್ಣೆಬಣ್ಣ ಬಳಿದು ಊಟ ಹಾಕಿಸುತ್ತೇವೆ. ಆ ಬಳಿಕ ಆ ಚಿತ್ರ ಉಳಿಯುವುದು, ಯಾರಾದರೂ ತೆಗೆದಿದ್ದರೆ, ಪುಸ್ತಕದ ಪುಟದಲ್ಲಿ ಮಾತ್ರ.

ಗ್ರಂಥಪಾಲಕರಲ್ಲಿ ಒಂದು ವಿನಂತಿ. ಪುಸ್ತಕದ ಪಕ್ಕದಲ್ಲಿ ಒಂದು ಹಿಡಿ ಚಿಪ್ಪು, ಒಂದು ಉಂಡೆ ಕೆಮ್ಮಣ್ಣು, ಒಂದು ಖಾಲಿ ವಹಿ ಇಡಿ. ವಿದ್ಯಾರ್ಥಿಗಳು ತಮ್ಮ ಊರಿನ ಯಾವ ಗೋಡೆಯ ಮೇಲೆ ಏನಿದೆಯೆಂದು ಅದರಲ್ಲಿ ಬರೆಯಲಿ, ಬಂದಷ್ಟು ಚಿತ್ರಿಸಲಿ. ಮಳೆ ಬಿಟ್ಟಿದೆ, ದೇವಸ್ಥಾನಗಳ ಕೆಲಸ ಹಿಡಿಯುವ ಕಾಲ ಬಂತು. ಈ ಭಾನುವಾರವೇ ಹೊರಡಿ.