ಬೆಂಕಿಪೊಟ್ಟಣದಗಲದ ಚಿತ್ರಶಾಲೆ



ಬೀದಿಯಲ್ಲಿ ಬಿದ್ದ ಖಾಲಿ ಬೆಂಕಿಪೊಟ್ಟಣ ಹೆಕ್ಕಿ, ಚಿತ್ರವಿರುವ ಮೈಯನ್ನಷ್ಟೇ ಹರಿದು, ಕಂತೆ ಕಟ್ಟಿ ಇಟ್ಟುಕೊಳ್ಳುವ ಹುಚ್ಚು ನಿಮ್ಮಲ್ಲಿ ಹಲವರಿಗೆ ಇದ್ದಿರಬೇಕು. ಅಮೆರಿಕದ ಹುಡುಗರಿಗೂ ಇಂಥದೇ ಒಂದು ಹುಚ್ಚಿತ್ತು. ಅವರದು ಬೇಸ್‌ಬಾಲ್ ಆಟಗಾರರ ಕಾರ್ಡು. ಆ ಆಟದ ಒಳಗುಟ್ಟು ನನಗೆ ಪೂರ್ತಿ ಗೊತ್ತೆಂದರೆ ಸುಳ್ಳಾದೀತು. ಆದರೆ ಕಾರ್ಡು ನೋಡಿ ಖುಷಿಪಡಲು ಆಟ ಬರಲೇಬೇಕೆಂದಿಲ್ಲ. ಆ ಕಾರ್ಡುಗಳನ್ನು ಜೋಪಾನ ಮಾಡಿ ಉಳಿಸಿಕೊಟ್ಟ ಪುಣ್ಯಾತ್ಮನಿಗೇ ಆಟದ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅವನ ಕಥೆ ಆಮೇಲೆ ಹೇಳುತ್ತೇನೆ.

ಕಾರ್ಡು ಹುಟ್ಟಿದ್ದು ಆಟದ ಮೈದಾನದಲ್ಲಲ್ಲ, ಸಿಗರೇಟು ಪೊಟ್ಟಣದಲ್ಲಿ. ಸಿಗರೇಟು ಮುದುರದಿರಲಿ ಎಂದು ಒಳಗೊಂದು ಗಟ್ಟಿ ರಟ್ಟು ಇಡುತ್ತಿದ್ದರು. ಖಾಲಿ ರಟ್ಟು ಯಾಕಿರಬೇಕು, ಚಿತ್ರ ಹಾಕಿದರೆ ಗಿರಾಕಿ ಮತ್ತೆ ಬರುತ್ತಾನಲ್ಲ! 1887ರಲ್ಲೇ ಅಲೆನ್ ಅಂಡ್ ಗಿಂಟರ್ ಕಂಪನಿ 50 ಕ್ರೀಡಾಪಟುಗಳ ಬಣ್ಣದ ಚಿತ್ರ ಹೊರತಂದಿತು. ಅವರಲ್ಲಿ 10 ಮಂದಿ ಬೇಸ್‌ಬಾಲಿನವರು. 1890ರಲ್ಲಿ ದೊಡ್ಡ ತಂಬಾಕು ಕಂಪನಿಗಳೆಲ್ಲ ಸೇರಿ ಅಮೆರಿಕನ್ ಟೊಬ್ಯಾಕೊ ಎಂಬ ಒಂದೇ ಸಂಸ್ಥೆಯಾದ ಮೇಲೆ ಪೈಪೋಟಿ ತಣ್ಣಗಾಯಿತು. ಕಾರ್ಡಿನ ಕಾಲವೂ ಅಲ್ಲಿಗೆ ಮುಗಿಯುತ್ತ ಬಂತು. ಗಿರಾಕಿಗೆ ಬೇರೆ ಅಂಗಡಿಯೇ ಇಲ್ಲದಿದ್ದರೆ ಅವನನ್ನು ಓಲೈಸುವುದೇಕೆ?

1909ರಲ್ಲಿ ಕಾರ್ಡು ಮತ್ತೆ ಬಂತು. ಬಂದದ್ದೇ ಆ ಕಲೆಯ ತುಟ್ಟತುದಿ ಎಂದು ನಾನು ತಿಳಿದಿದ್ದೇನೆ. 1911ರವರೆಗೆ ಅಚ್ಚಾದ, ಐನೂರಕ್ಕೂ ಹೆಚ್ಚು ಚಿತ್ರಗಳ ಈ ಕಂತೆಗೆ ಸಂಗ್ರಾಹಕರ ಬಾಯಲ್ಲಿ ಟಿ-206 ಎಂದು ಹೆಸರು. ಅಗಲ ನಮ್ಮ ಬೆಂಕಿಪೊಟ್ಟಣದಷ್ಟೇ; ಉದ್ದ ಮಾತ್ರ ತುಸು ಹೆಚ್ಚು. ಅಷ್ಟರಲ್ಲೇ ಸುತ್ತ ಬಿಳಿ ಅಂಚು, ಕೆಳಗೆ ಕಂದು ಅಕ್ಷರದಲ್ಲಿ ಆಟಗಾರನ ಹೆಸರು ಮತ್ತು ಊರು, ನಡುವೆ ಅವನ ಚಿತ್ರ.

ಇದನ್ನು ಅಚ್ಚು ಹಾಕಿದ ಬಗೆ ನಮಗೆ ಹೊಸದಲ್ಲ. ಅದು ಕಲ್ಲಚ್ಚು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲೇ. ನಮ್ಮ ಅಜ್ಜಿಯರ ದೇವರಮನೆಯಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿ ಇಳಿದುಬಂದದ್ದೂ ಕಲ್ಲಿನಿಂದಲೇ. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು, ಒಂದರ ಮೇಲೊಂದು ಕೂದಲೆಳೆಯೂ ಕದಲದಂತೆ ಕೂರಬೇಕು. ಕೊಂಚ ಸರಿದರೂ ತುಟಿಯ ಕೆಂಪು ಗಲ್ಲಕ್ಕೆ ಇಳಿಯಿತೆಂದೇ ಲೆಕ್ಕ. ಭೂತಗನ್ನಡಿ ಹಿಡಿದರೆ ಕೆನ್ನೆಯೆಲ್ಲ ಚುಕ್ಕಿಚುಕ್ಕಿ. ಗಾಜು ತೆಗೆದರೆ ಮತ್ತೆ ಜೀವಂತ ಮುಖ.

ಮುಖಕ್ಕೆ ಮೂಲ ಕಪ್ಪು-ಬಿಳುಪಿನ ಫೋಟೋ. ಬಾಸ್ಟನ್ನಿನ ಕಾರ್ಲ್ ಹಾರ್ನರ್ ಎಂಬ ಛಾಯಾಗ್ರಾಹಕನ ಸ್ಟುಡಿಯೋದಿಂದ ಹಲವು ಬಂದವು. ಬಣ್ಣ ಮಾತ್ರ ಚಿತ್ರಕಾರನದು, ಹಿನ್ನೆಲೆಯಂತೂ ಪೂರಾ ಅವನ ಮನಸ್ಸಿಗೆ ಬಿಟ್ಟದ್ದು. ಹೀಗಾಗಿ ಒಬ್ಬನ ಹಿಂದೆ ಸಂಜೆಯ ಕಿತ್ತಳೆ ಆಕಾಶ, ಇನ್ನೊಬ್ಬನ ಹಿಂದೆ ಬರೀ ನೀಲಿ. ಡೆಟ್ರಾಯಿಟಿನ ಟೈ ಕಾಬ್ ಮುಂಗೋಪಕ್ಕೆ ಹೆಸರಾದವನು. ಅವನ ಎರಡು ಭಾವಚಿತ್ರಗಳಿವೆ: ಒಂದರ ಹಿನ್ನೆಲೆ ಕೆಂಪು, ಇನ್ನೊಂದರದು ಹಸಿರು. ಕೆಂಪಿನಲ್ಲಿ ಈಗಲೋ ಆಗಲೋ ಜಗಳಕ್ಕೆ ಬರುವಂತಿದ್ದಾನೆ. ಹಸಿರಿನವನನ್ನು ಕರೆದು ಕಾಫಿ ಕೊಡಬಹುದು. ನನ್ನ ಆಯ್ಕೆ ಹಸಿರು.

ಲೋಕ ಮಾತ್ರ ಹೋನಸ್ ವ್ಯಾಗ್ನರನ ಕಾರ್ಡಿನ ಹಿಂದೆ ಬಿದ್ದಿದೆ. ಪಿಟ್ಸ್‌ಬರ್ಗಿನ ಈ ಆಟಗಾರ ತನ್ನ ಚಿತ್ರ ಹಾಕಲು ಒಪ್ಪಲಿಲ್ಲ. ಮಕ್ಕಳು ತನಗಾಗಿ ಸಿಗರೇಟು ಕೊಳ್ಳಬಾರದೆಂದು ಹಾಗೆ ಮಾಡಿದ ಎನ್ನುವವರಿದ್ದಾರೆ, ಕೊಟ್ಟ ದುಡ್ಡು ಸಾಲದೆ ಎನ್ನುವವರೂ ಇದ್ದಾರೆ. ಅಂತೂ ಅಚ್ಚು ನಿಂತಿತು. ಈಗ ಉಳಿದಿರುವುದು 60ರ ಆಸುಪಾಸು. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಹೋಯಿತು. ಚಿತ್ರವಾಗಿ ನೋಡಿದರೆ ಅದು ಸಾಧಾರಣ. ಹಿಂದೆ ಬರೀ ಕಿತ್ತಳೆ, ಮುಂದೆ ಬಿಗಿದ ತುಟಿ. ಆ ಬೆಲೆ ಚಿತ್ರಕ್ಕಲ್ಲ, ಇಲ್ಲದಿರುವಿಕೆಗೆ ಕಟ್ಟಿದ್ದು. ಇಲ್ಲದಿರುವಿಕೆ ಎಂದರೆ ಇನ್ನೊಂದೂ ನೆನಪಾಗುತ್ತದೆ. ಐನೂರು ಚಿತ್ರಗಳ ಈ ಕಂತೆಯಲ್ಲಿ ಒಬ್ಬನೇ ಒಬ್ಬ ಕರಿಯ ಅಮೆರಿಕನ್ ಆಟಗಾರನಿಲ್ಲ. ಈ ಕಾರ್ಡಿನ ಆಟಗಾರರು ಆಡುತ್ತಿದ್ದ ಲೀಗುಗಳ ಬಾಗಿಲೇ ಅವರಿಗೆ ಮುಚ್ಚಿತ್ತು.

ತಂಬಾಕಿನ ಜಾಗಕ್ಕೆ ಚೂಯಿಂಗ್ ಗಮ್ ಬಂತು. 1933ರಲ್ಲಿ ಗೌಡಿ ಕಂಪನಿ 240 ಸಂಖ್ಯೆಗಳ ಕಂತೆ ಮಾಡಿತು. ಆದರೆ 106ನೆಯದನ್ನು ಅಚ್ಚು ಹಾಕಲೇ ಇಲ್ಲ! ಮಕ್ಕಳು ಅಂಗಡಿ ಅಂಗಡಿ ಅಲೆದದ್ದೇ ಬಂತು. ದೂರು ಬರೆದವರಿಗೆ ಮರುವರ್ಷ ನ್ಯಾಪ್ ಲಾಜ್ವೇ ಎಂಬ ಹಳೆಯ ಆಟಗಾರನ ಕಾರ್ಡನ್ನು ಅಂಚೆಯಲ್ಲಿ ಕಳಿಸಿದರು, ಕಾಗದಕ್ಕೆ ಕ್ಲಿಪ್ಪು ಸಿಕ್ಕಿಸಿ. ಉಳಿದ ಕಾರ್ಡುಗಳಲ್ಲಿ ಹಲವುಗಳ ಮೇಲೆ ಇಂದಿಗೂ ಆ ಕ್ಲಿಪ್ಪಿನ ಗುರುತಿದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಟಾಪ್ಸ್ ಕಂಪನಿಯ ಸರದಿ. ಅಲ್ಲಿನ ಸೈ ಬರ್ಗರ್ ಎಂಬಾತ ಬ್ರೂಕ್ಲಿನ್ನಿನ ತನ್ನ ಮನೆಯ ಅಡುಗೆ ಮೇಜಿನ ಮೇಲೆ 1952ರ ಕಾರ್ಡಿನ ನಕಾಶೆ ಹಾಕಿದ: ಮುಂದೆ ಚಿತ್ರ, ತಂಡದ ಲಾಂಛನ, ಸಹಿ, ಹಿಂದೆ ಆಟಗಾರನ ಅಂಕಿಅಂಶ. ನಮ್ಮ ಹಳೆಯ ಸ್ಟುಡಿಯೋಗಳಲ್ಲಿ ಮದುವೆ ಫೋಟೋಗೆ ಬಣ್ಣ ತುಂಬುತ್ತಿದ್ದರಲ್ಲ, ಹಾಗೆ ಕಪ್ಪು-ಬಿಳುಪಿಗೆ ಬಣ್ಣ ಹಚ್ಚಿದ್ದರು. ಮಾರಾಟವಾಗದೆ ಉಳಿದದ್ದನ್ನು 1960ರಲ್ಲಿ ದೋಣಿ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಅದೇ ಕಂತೆಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 126 ಲಕ್ಷ ಡಾಲರಿಗೆ ಮಾರಾಟವಾಯಿತು.

ನನ್ನ ಮನಸ್ಸು ನಿಲ್ಲುವುದು ಅದರ ಮರುವರ್ಷ, 1953ರಲ್ಲಿ. ಆ ವರ್ಷದ್ದು ಕುಂಚದ ಕೆಲಸ. ಗೆರಿ ಡ್ವೋರಾಕ್ ಮತ್ತಿತರರು ಫೋಟೋ ಎದುರಿಗಿಟ್ಟುಕೊಂಡು ಪುಟ್ಟ ಪುಟ್ಟ ವರ್ಣಚಿತ್ರ ಬರೆದರು. ಮೊದಲ ಸಂಖ್ಯೆ ಜಾಕಿ ರಾಬಿನ್‌ಸನ್ನನದು. 1947ರಲ್ಲಿ ಆ ಮುಚ್ಚಿದ ಬಾಗಿಲನ್ನು ತಳ್ಳಿ ಒಳಗೆ ಬಂದವನು ಅವನೇ. ಇನ್ನೊಂದರಲ್ಲಿ ವಿಲ್ಲಿ ಮೇಸ್ ಎಂಬ ಆಟಗಾರ ಚೆಂಡಿಗಾಗಿ ಗ್ಲೌಸು ಚಾಚಿ ನಿಂತಿದ್ದಾನೆ. ಇನ್ನು 220ನೆಯದು ಸ್ಯಾಚಲ್ ಪೇಜ್. ಕರಿಯರ ಲೀಗುಗಳಲ್ಲೇ ಆಯುಷ್ಯ ಸವೆಸಿ, 42ನೆಯ ವಯಸ್ಸಿನಲ್ಲಿ ದೊಡ್ಡ ಲೀಗಿಗೆ ಕಾಲಿಟ್ಟ ಎಸೆತಗಾರ. ಅವನ ಹೆಸರಿಗೆ ಒಂದು ‘ಎಲ್’ ಅಕ್ಷರವನ್ನು ಹೆಚ್ಚಿಗೆ ಸೇರಿಸಿ ತಪ್ಪಾಗಿ ಬರೆದಿದ್ದಾರೆ. ಆದರೆ ಮುಖ ತಪ್ಪಿಲ್ಲ. ಕರಿಯ ಮೈಬಣ್ಣವೆಂದರೆ ಒಂದೇ ಕಂದು ಬಳಿದು ಕೈತೊಳೆದುಕೊಳ್ಳುವ ಜಾಹೀರಾತು ಚಿತ್ರಗಳ ಕಾಲದಲ್ಲಿ, ಅಗ್ಗದ ಗಮ್ಮಿನ ಜೊತೆ ಬರುವ ರಟ್ಟಿನ ಮೇಲೆ, ಯಾರೋ ಒಬ್ಬ ಆ ಮುಖವನ್ನು ನಿಧಾನವಾಗಿ ನೋಡಿ ಬರೆದಿದ್ದಾನೆ. ನನ್ನ ಮೆಚ್ಚಿನ ಕಾರ್ಡು ಇದೇ.

ಆಮೇಲೆ ಬಣ್ಣದ ಫೋಟೋ ಗೆದ್ದಿತು. 1957ಕ್ಕೆ ಕಾರ್ಡಿನ ಅಳತೆಯೂ ಇಂದಿನ ಎರಡೂವರೆ, ಮೂರೂವರೆ ಅಂಗುಲಕ್ಕೆ ನಿಂತಿತು. 1982ರಿಂದ ಡಿಕ್ ಪೆರೆಜ್ ಎಂಬ ಕಲಾವಿದ ಡಾನ್‌ರಸ್ ಕಾರ್ಡುಗಳಿಗೆ ಮತ್ತೆ ಕುಂಚ ಹಿಡಿದದ್ದು ಸಂತೋಷವೇ, ಆದರೆ ಅಲ್ಲಿ ಹೊಳಪು ಒಂದಿಷ್ಟು ಜಾಸ್ತಿ.

ಈಗ ಆ ಪುಣ್ಯಾತ್ಮನ ಕಥೆ. ಜೆಫರ್ಸನ್ ಬರ್ಡಿಕ್ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ವಿದ್ಯುತ್ ಸಾಮಾನಿನ ಕಾರ್ಖಾನೆಯ ಕೆಲಸಗಾರ. ಟಿ-206 ಎಂಬ ಗುರುತು ಕೊಟ್ಟವನು ಅವನೇ. ಸಿಕ್ಕ ಕಾರ್ಡು, ಚೀಟಿ, ಚಿತ್ರದ ಅಂಚೆಕಾರ್ಡುಗಳೆಲ್ಲ ಸೇರಿ 3 ಲಕ್ಷಕ್ಕೂ ಮೇಲೆ. ಅದರಲ್ಲಿ ಬೇಸ್‌ಬಾಲ್ ಒಂದೇ ಸುಮಾರು 30,000. ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲಿ, ಅಲ್ಲಿನ ಮುದ್ರಣಚಿತ್ರ ವಿಭಾಗದಲ್ಲಿ ಕೂತು, ವರ್ಷಗಟ್ಟಲೆ ಕಾರ್ಡುಗಳನ್ನು ಆಲ್ಬಮ್ಮಿಗೆ ಅಂಟಿಸಿದ. ಅಂಟು ಹಚ್ಚಿದ! ಈಗಿನ ಸಂಗ್ರಾಹಕರು ಕೇಳಿದರೆ ಎದೆ ಹಿಡಿದುಕೊಂಡಾರು. ವ್ಯಾಗ್ನರನ ಕಾರ್ಡೂ ಆ ರಾಶಿಯಲ್ಲಿ ಒಂದು. 1963ರ ಜನವರಿಯಲ್ಲಿ ಕೊನೆಯ ಆಲ್ಬಂ ಮುಗಿಸಿ ಕೋಟು ಹಾಕಿಕೊಂಡು ಹೊರಟವನು ಮತ್ತೆ ಬರಲಿಲ್ಲ. ಮಾರ್ಚಿನಲ್ಲಿ ತೀರಿಕೊಂಡ.