ಹಣ್ಣು ಹಂಚಿದರೆ ಸಾಕೇ?

(ಪ್ರೊ. ಬಿ. ಕೃಷ್ಣಪ್ಪನವರ ಜನ್ಮದಿನದಂದು ಹರಿಹರದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಕೃಷ್ಣಪ್ಪನವರು 1938ರ ಜೂನ್ 9ರಂದು ಹುಟ್ಟಿದ್ದು ನಿಮ್ಮ ಈ ಹರಿಹರದಲ್ಲೇ. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು, 1970ರ ದಶಕದಲ್ಲಿ ಗೆಳೆಯರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1997ರ ಏಪ್ರಿಲ್ 30ರಂದು ತೀರಿಕೊಂಡರು. ಇಷ್ಟು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದೇ.

ಇಂಥ ದಿನಗಳಲ್ಲಿ ನಾವು ಏನು ಮಾಡುತ್ತೇವೆ? ಫೋಟೋಕ್ಕೆ ಹಾರ ಹಾಕುತ್ತೇವೆ. ಅಂಬೇಡ್ಕರ್ ಜಯಂತಿಯಾಗಲಿ, ಇನ್ನೊಂದಾಗಲಿ, ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಹಣ್ಣು, ಬ್ರೆಡ್ಡು ಹಂಚುತ್ತೇವೆ. ತಪ್ಪೆಂದು ನಾನು ಹೇಳುವುದಿಲ್ಲ, ರಕ್ತದಾನವಂತೂ ದೊಡ್ಡ ಕೆಲಸ. ಆದರೆ ಹಣ್ಣು ಹಿಡಿದು ವಾರ್ಡಿಗೆ ಹೋದವರು ಮೂಲೆಯ ಮಂಚದಲ್ಲಿ ಸುಟ್ಟ ಮೈಯಿಂದ ಮಲಗಿರುವ ಹುಡುಗಿಯನ್ನು "ಏನಾಯಿತಮ್ಮಾ?" ಎಂದು ಕೇಳುತ್ತೇವೆಯೇ? ಕೇಳಿದರೂ ಉತ್ತರ ಕೊಡುವವಳು ಪಕ್ಕದಲ್ಲಿ ನಿಂತ ಅತ್ತೆ: "ಸ್ಟೌ ಸಿಡಿಯಿತು."

ಕೃಷ್ಣಪ್ಪನವರನ್ನು ನೆನೆಯುವಾಗ ನನಗೆ ಚಂದ್ರಗುತ್ತಿ ನೆನಪಾಗುತ್ತದೆ. ಸೊರಬ ತಾಲ್ಲೂಕಿನ ಆ ರೇಣುಕಾಂಬೆಯ ಜಾತ್ರೆಯಲ್ಲಿ ಹೆಂಗಸರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಯವರೆಗೆ ನಡೆಯುವ ಸೇವೆ ಇತ್ತು. ಹೋಗುತ್ತಿದ್ದವರಲ್ಲಿ ಬಹಳಷ್ಟು ಮಂದಿ ಕೆಳಜಾತಿಯ ಬಡ ಹೆಂಗಸರು. ಹರಕೆಗಳು ಏನಿದ್ದವು? ಕಾಯಿಲೆ ವಾಸಿಯಾಗಲಿ, ಮಕ್ಕಳಾಗಲಿ, ಮದುವೆಯಾಗಲಿ ಎಂಬಂಥವು. ಡಾಕ್ಟರು ಸಿಗದ ಕಡೆ ಹೆಣ್ಣು ತನ್ನ ಮಾನವನ್ನೇ ಫೀಸಾಗಿ ಕಟ್ಟುತ್ತಿದ್ದಳು! 1986ರ ಮಾರ್ಚ್‌ನಲ್ಲಿ ಇದನ್ನು ತಡೆಯಲು ಹೋದ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು. ಅನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆ ಚಳವಳಿ ಯಾರಿಗೂ ಭಿಕ್ಷೆ ನೀಡಲು ಹೋಗಿರಲಿಲ್ಲ, ಹಕ್ಕು ಕೇಳಲು ಹೋಗಿತ್ತು. ಸೇವೆಗೂ ನ್ಯಾಯಕ್ಕೂ ಇರುವ ವ್ಯತ್ಯಾಸ ಇದೇ.

ಈಗ ನಮ್ಮ ಮನೆಗಳಿಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇಷ್ಟು ಜನಕ್ಕೆ ಒಂದು ಜ್ವರ ಬಂದಿದ್ದರೆ ಬೀದಿಬೀದಿಯಲ್ಲಿ ಶಿಬಿರ ನಡೆಯುತ್ತಿರಲಿಲ್ಲವೇ? ಹೊಡೆತ ಮಾತ್ರ "ಮನೆ ವಿಷಯ".

ದಾವಣಗೆರೆಯಲ್ಲಿ ನನಗೆ ಗೊತ್ತಿರುವ ಒಬ್ಬ ಹುಡುಗಿ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು. ಅಂಗಡಿಗೆ ಬಂಡವಾಳ ತವರಿನಿಂದ ತಾ ಎಂದು ಗಂಡ ಕೈ ಮುರಿದ. ರಾತ್ರಿ ಹತ್ತಕ್ಕೆ ಒಂದು ಆಸ್ಪತ್ರೆಗೆ ಹೋದರೆ, "ಪೊಲೀಸ್ ಕೇಸು, ಮೊದಲು ಸ್ಟೇಷನ್ನಿಗೆ ಹೋಗಿ ಬನ್ನಿ" ಎಂದರು. ಅಣ್ಣನಿಗೆ ಮರ್ಯಾದೆಯ ಚಿಂತೆ. ಇನ್ನೊಂದು ಕಡೆ ಕರೆದೊಯ್ದು "ಜಾರಿ ಬಿದ್ದಳು" ಎಂದು ಬರೆಸಿದ. ಕೈಗೆ ಪಟ್ಟಿ ಬಿತ್ತು, ಸತ್ಯ ದಾಖಲೆಯಾಗಲಿಲ್ಲ. ಮುಂದೆ ಅವಳು ಜೀವನಾಂಶಕ್ಕೆ ಹೋದಾಗ ಎದುರು ವಕೀಲರು ಹಿಡಿದದ್ದು ಆ ಚೀಟಿಯನ್ನೇ.

ಆ ರಾತ್ರಿ ಜೊತೆಗೆ ಹೋದವರಿಗೆ ಒಂದು ಮಾತು ಗೊತ್ತಿದ್ದರೆ ಸಾಕಿತ್ತು. ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ: ಸರ್ಕಾರಿ ಡಾಕ್ಟರಾಗಲಿ, ಖಾಸಗಿ ಡಾಕ್ಟರಾಗಲಿ, ಗಾಯಾಳುವಿನ ಜೀವ ಉಳಿಸುವುದು ಮೊದಲು, ಪೊಲೀಸರ ಕಾಗದ ಆಮೇಲೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 7ನೇ ಕಲಮಿನಂತೆ ನೊಂದವಳಿಗೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಬೇಕು. 498-ಎ ಎಂದು ನಾವು ಬಾಯಿಪಾಠ ಮಾಡಿದ್ದ ಕಲಮು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 85 ಆಗಿದೆ, ವರದಕ್ಷಿಣೆ ಸಾವಿನ ಕಲಮು 80. (ಪಾಠ ಹೇಳುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ, ಬೇಸರಿಸಬೇಡಿ.)

ಜೊತೆಗೆ ಹೋಗುವವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಡಾಕ್ಟರು ಕೇಳುವಾಗ ಗಂಡನ ಕಡೆಯವರನ್ನು ಹೊರಗೆ ಕಳಿಸಲು ಹೇಳಿ. ಯಾರು, ಯಾತರಿಂದ ಹೊಡೆದರು ಎಂಬುದನ್ನು ಅವಳ ಬಾಯಿಂದಲೇ ಬರೆಸಿ. ಎಂ.ಎಲ್.ಸಿ. ಆಗಿದೆಯೇ ಕೇಳಿ. ಆಸ್ಪತ್ರೆಯ ಚೀಟಿಯನ್ನು ಗಂಡನ ಕೈಗೆ ಬಿಡಬೇಡಿ, ಅವಳ ಹತ್ತಿರವೇ ಇರಲಿ. ಸುಟ್ಟ ಗಾಯದವಳ ಹೇಳಿಕೆ ಪಡೆಯುವಾಗಂತೂ ಅತ್ತೆಮಾವಂದಿರು ತಲೆದೆಸೆಯಲ್ಲಿ ನಿಂತಿರಕೂಡದು. ಬೆಳಗಾದ ಮೇಲೆ ಸಿ.ಡಿ.ಪಿ.ಓ. ಕಚೇರಿಗೆ ಹೋಗಿ, ಸಂರಕ್ಷಣಾಧಿಕಾರಿಯ ಜವಾಬ್ದಾರಿ ಅವರದ್ದೇ. 181ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು.

ಇನ್ನೊಂದು ವಿಷಯ. ಮನೆಯಿಂದ ಹೊರದೂಡಿಸಿಕೊಂಡವಳು ಉಟ್ಟ ಸೀರೆಯಲ್ಲಿ ಬರುತ್ತಾಳೆ. ರೇಷನ್ ಕಾರ್ಡು, ಆಧಾರ್, ಆರೋಗ್ಯ ಕಾರ್ಡು ಎಲ್ಲಾ ಗಂಡನ ಬೀರುವಿನಲ್ಲಿ. ಬಡವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಯೋಜನೆ ಇದ್ದೂ ಅವಳು ಕಿವಿಯೋಲೆ ಅಡವಿಡಬೇಕು. ನಿಮ್ಮ ಗುಂಪಿನ ಲೆಕ್ಕದ ಪುಸ್ತಕ ಇಡುವ ಟ್ರಂಕಿನಲ್ಲೇ ಪ್ರತಿ ಸದಸ್ಯೆಯ ಕಾಗದಗಳ ಒಂದೊಂದು ಜೆರಾಕ್ಸ್ ಇಡಿ. ಉಳಿತಾಯದಲ್ಲಿ ಒಂದು ಪಾಲನ್ನು ರಾತ್ರಿಯ ಆಟೋ ಖರ್ಚಿಗೆಂದೇ ಬೇರೆ ಇಡಿ. ಹರಿಹರದಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ದೂರ ಹೆಚ್ಚಿಲ್ಲ, ಆದರೆ ಕೈಯಲ್ಲಿ ದುಡ್ಡಿಲ್ಲದವಳಿಗೆ ರಾತ್ರಿ ಹನ್ನೊಂದಕ್ಕೆ ಅದೇ ಬಹಳ ದೂರ.

ಈಗ ಟೀ ಬರುತ್ತದೆ. ಅಷ್ಟರಲ್ಲಿ ಪ್ರತಿ ಗುಂಪಿನಿಂದ ಇಬ್ಬಿಬ್ಬರ ಹೆಸರು, ಫೋನು ನಂಬರು ಬರೆದು ಕೊಡಿ. ಅಧ್ಯಕ್ಷೆಯ ಹೆಸರೇ ಆಗಬೇಕೆಂದಿಲ್ಲ. ರಾತ್ರಿ ಕರೆದರೆ ಎದ್ದು ಬರುವವರ ಹೆಸರು ಬರೆಯಿರಿ.