ಆನಂದವನದ ಚಂದ್ರಿಕೆ



ಹಳೆಯ ಮಠಕ್ಕೆ ಹೋದವರು ಗದ್ದುಗೆಗೆ ಕೈಮುಗಿದು, ಪಾದುಕೆ ಮುಟ್ಟಿ, ಪಲ್ಲಕ್ಕಿ ನೋಡಿ ಬರುತ್ತಾರೆ. ಹಾವೇರಿ ಹತ್ತಿರದ ಅಗಡಿಯ ಆನಂದವನದ ಮಾತು ಬಂದರೆ ನನಗೆ ನೆನಪಾಗುವುದು ಮಾತ್ರ ಒಂದು ಮಾಸಪತ್ರಿಕೆ. ‘ಸದ್ಬೋಧ ಚಂದ್ರಿಕೆ’ ಎಂದು ಅದರ ಹೆಸರು.

ಶೇಷಾಚಲ ಸದ್ಗುರುಗಳ ನೆಲೆ ಈ ಆನಂದವನ. 20ನೇ ಶತಮಾನದ ಮೊದಲ ದಶಕದಲ್ಲಿ ಅವರ ಆಶ್ರಯದಲ್ಲಿ ಪತ್ರಿಕೆ ಹೊರಟಿತು. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದುಬರಹ ಬಲ್ಲವರಲ್ಲಿ ಮರಾಠಿಯದೇ ಜೋರು. ಮನೆಮಾತು ಕನ್ನಡವಾದರೂ ಕಥೆ ಓದಬೇಕೆನಿಸಿದರೆ ಕೈ ಮರಾಠಿ ಪುಸ್ತಕದತ್ತ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಅಧ್ಯಾತ್ಮದ ಹೆಸರು ಹೊತ್ತ ಪತ್ರಿಕೆಯೊಂದು ಕನ್ನಡದಲ್ಲಿ ಕಾದಂಬರಿಯನ್ನೂ ಕೊಡತೊಡಗಿತು. ಕಟ್ಟುಕಥೆ ಮಠಕ್ಕೇಕೆ ಎಂದು ಸದ್ಗುರುಗಳು ಮೂಗು ಮುರಿಯಲಿಲ್ಲ. ಅವರ ದೊಡ್ಡತನ ನನಗೆ ಕಾಣುವುದು ಇಲ್ಲಿಯೇ.

ಸಂಪಾದಕರಾದವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಅವರ ಪೂರ್ತಿ ಹೆಸರು. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥ ಅವರ ಊರು. ಊರ ಹೆಸರೇ ಅವರ ಹೆಸರಾಗಿ ನಿಂತಿತು. 1869ರಲ್ಲಿ ಹುಟ್ಟಿದವರು, ವೃತ್ತಿಯಿಂದ ಕನ್ನಡ ಸಾಲೆಯ ಮಾಸ್ತರರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳ ರುಚಿ ಹತ್ತಿದವರು, ಆ ರುಚಿಯನ್ನು ಕನ್ನಡಕ್ಕೂ ತಂದರು. ‘ಕಮಲಕುಮಾರಿ’ ಹೀಗೆ ಬಂದದ್ದು. ‘ಮಾಧವ ಕರುಣಾ ವಿಲಾಸ’ ಮಾತ್ರ ಅವರದೇ ಸ್ವಂತ. ವಿದ್ಯಾರಣ್ಯರು, ವಿಜಯನಗರದ ಹುಟ್ಟು ಅದರ ವಸ್ತು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಾಗ, ನಮಗೂ ಒಂದು ಸಾಮ್ರಾಜ್ಯವಿತ್ತು ಎಂಬ ಕಥೆ ಓದುಗರಿಗೆ ಬರೀ ಕಥೆಯಾಗಿ ಉಳಿದಿರಲಾರದು. ಮೈಸೂರು ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿ ತಂದು ಓದುಗರನ್ನು ಬೆಳೆಸಿದರಲ್ಲ, ಈ ಕಡೆ ಆ ಕೆಲಸ ಗಳಗನಾಥರದು.

ಅವರ ಶೈಲಿ ಈಗಿನ ಹುಡುಗರಿಗೆ ತುಸು ಭಾರವೇ. ಉದ್ದುದ್ದ ವಾಕ್ಯ, ನಡುನಡುವೆ ಧರ್ಮಬೋಧೆ. ಆದರೆ ಪುರಾಣ ಕೇಳಿ ಬೆಳೆದ ಕಿವಿಗೆ ಅದು ಪರಿಚಿತ ದನಿ. ಪುರಾಣ ಬಿಚ್ಚಿಡುತ್ತಿದ್ದ ಪಡಸಾಲೆಗೆ ಕಾದಂಬರಿ ಬಂದು ಕೂಡಲು ಆ ದನಿಯೇ ದಾರಿ ಮಾಡಿತು ಎಂದು ನನ್ನ ಎಣಿಕೆ.

ಮುಂದೆ ಅವರು ‘ಸದ್ಗುರು’ ಎಂಬ ಬೇರೆ ಪತ್ರಿಕೆ ನಡೆಸಿದರು. ಬರೆದದ್ದನ್ನು ಮಾರುವ ಪಾಡೂ ಅವರದೇ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು; ಕಾದಂಬರಿ ಪಿತಾಮಹ ಎಂಬ ಬಿರುದು ಆ ಭಾರವನ್ನೇನೂ ಇಳಿಸಲಿಲ್ಲ. 1942ರಲ್ಲಿ ತೀರಿಕೊಂಡರು.

ಇತಿಹಾಸ ಸಂಶೋಧಕ ನಾ.ಶ್ರೀ. ರಾಜಪುರೋಹಿತರು ಇದೇ ಅಗಡಿಯವರು. ಅವರದೂ ಗಳಗನಾಥರದೂ ಹೆಸರು ಜೋಡಿಸಿ ಹಾವೇರಿಯಲ್ಲಿ ಒಂದು ಸ್ಮಾರಕ ಟ್ರಸ್ಟ್ ಇದೆ. ಹೆಸರಿನ ಮಾತಾಯಿತು, ಇನ್ನು ಪತ್ರಿಕೆಯ ಮಾತು: ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ‘ಚಂದ್ರಿಕೆ’ಯ ಹಳೆಯ ಸಂಚಿಕೆ ಸಿಕ್ಕೀತು. ರದ್ದಿಗೆ ಹಾಕುವ ಮುನ್ನ ಒಮ್ಮೆ ಧೂಳು ಕೊಡವಿ ನೋಡಿರಿ.